ಲ್ಯಾಪ್‌ಟಾಪ್ ಕೆಟ್ಟರೂ ಅಂಗಡಿ ಕೆಲಸ ನಿಲ್ಲಬಾರದಾ? ಪೆನ್‌ಡ್ರೈವ್‌ನಿಂದ ಇಡೀ ಸಿಸ್ಟಂ ಬ್ಯಾಕಪ್ ತೆಗೆದಿಡಿ, ಹಂತ ಹಂತದ ವಿವರ ಇಲ್ಲಿದೆ

ಗುಂಡ್ಲುಪೇಟೆ: ತಿಂಗಳ 19ನೇ ತಾರೀಖು ಅಂದುಕೊಳ್ಳಿ. ನಾಳೆ ಜಿಎಸ್‌ಟಿ ರಿಟರ್ನ್ ಹಾಕೋಕೆ ಕೊನೇ ದಿನ. ಆಡಿಟರ್ ಆಗಲೇ ಎರಡು ಸಲ ಫೋನ್ ಮಾಡಿ ಲೆಕ್ಕ ಕಳಿಸಿ ಅಂದಿದ್ದಾರೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ಪೂಜೆ ಮುಗಿಸಿ, ಲ್ಯಾಪ್‌ಟಾಪ್ ಆನ್ ಮಾಡಿದರೆ ಬರೀ ಕಪ್ಪು ಪರದೆ, ಮೇಲೆ ಎರಡು ಸಾಲು ಇಂಗ್ಲಿಷ್. ರಿಪೇರಿಯವರಿಗೆ ತೋರಿಸಿದರೆ ಬರುವ ಮಾತು ನಿಮಗೂ ಗೊತ್ತು: "ಡಿಸ್ಕ್ ಹೋಗಿದೆ ಸಾ. ಹೊಸ ಡಿಸ್ಕ್ ಹಾಕಿ ವಿಂಡೋಸ್ ಹಾಕ್ಕೊಡ್ತೀನಿ. ಡೇಟಾಗೆ ಗ್ಯಾರಂಟಿ ಇಲ್ಲ."

ಹೊಸ ಡಿಸ್ಕ್ ದುಡ್ಡಿಗೆ ಸಿಗುತ್ತದೆ. ಆದರೆ ವಿಂಡೋಸ್ ಹಾಕಿ, ಟ್ಯಾಲಿ ಹಾಕಿ, ಪ್ರಿಂಟರ್ ಹೊಂದಿಸಿ, ಬೆರಳಚ್ಚು ಯಂತ್ರದ ಸಾಫ್ಟ್‌ವೇರ್ ಹಾಕಿ, ಹಳೆಯ ನುಡಿ ಫಾಂಟ್ ಎಲ್ಲಿದೆ ಅಂತ ಹುಡುಕಿ, ಲ್ಯಾಪ್‌ಟಾಪ್ ಮೊದಲಿದ್ದ ಹಾಗೆ ಆಗಲು ಎರಡು ಮೂರು ದಿನ ಬೇಕು. ಡಿಸ್ಕ್‌ನಿಂದ ಡೇಟಾ ಎತ್ತಿಸಬೇಕು ಅಂದರೆ ಮೈಸೂರಿಗೋ ಬೆಂಗಳೂರಿಗೋ ಓಡಬೇಕು. ಅಷ್ಟು ದಿನ ಬಿಲ್ಲಿಂಗ್ ಇಲ್ಲ, ಬಾಕಿ ಲೆಕ್ಕ ಇಲ್ಲ, ಬಂದ ಗಿರಾಕಿ ಪಕ್ಕದ ಅಂಗಡಿಗೆ.

ಈ ಎರಡು ಮೂರು ದಿನವನ್ನು ಒಂದೆರಡು ಗಂಟೆಗೆ ಇಳಿಸುವ ದಾರಿ ಇದೆ. ಅದಕ್ಕೆ ಸಿಸ್ಟಂ ಇಮೇಜ್ ಬ್ಯಾಕಪ್ ಅಂತಾರೆ. ಸಾಫ್ಟ್‌ವೇರ್ ಉಚಿತ. ಬೇಕಿರುವುದು ಒಂದು ಪೆನ್‌ಡ್ರೈವ್, ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಮತ್ತು ಒಂದು ಭಾನುವಾರದ ಮಧ್ಯಾಹ್ನ.

ಫೈಲ್ ಕಾಪಿ ಬೇರೆ, ಸಿಸ್ಟಂ ಇಮೇಜ್ ಬೇರೆ

"ನಾನು ಬ್ಯಾಕಪ್ ತಗೊಂಡಿದ್ದೀನಲ್ಲ, ಎಲ್ಲ ಪೆನ್‌ಡ್ರೈವ್‌ಗೆ ಹಾಕಿದ್ದೀನಿ" ಅನ್ನುವವರು ಬಹಳ. ಅವರು ಮಾಡಿರುವುದು ಫೈಲ್ ಕಾಪಿ. ಅದು ಬೇಕೇ ಬೇಕು, ಆದರೆ ಸಾಲದು.

ಮನೆ ಬಿದ್ದಾಗ ಪಾತ್ರೆ ಪಗಡೆ ಉಳಿಸಿಕೊಂಡ ಹಾಗೆ ಫೈಲ್ ಕಾಪಿ. ಸಾಮಾನು ಉಳಿಯಿತು, ಆದರೆ ಅಡುಗೆ ಮಾಡಲು ಮನೆ ಮತ್ತೆ ಕಟ್ಟಬೇಕು. ಸಿಸ್ಟಂ ಇಮೇಜ್ ಅಂದರೆ ಮನೆಯನ್ನೇ ಇದ್ದಕ್ಕಿದ್ದ ಹಾಗೆ ಅಚ್ಚು ತೆಗೆದಿಡುವುದು. ಹೆಸರು ಇಮೇಜ್ ಅಂತ ಇದ್ದರೂ ಅದು ಫೋಟೊ ಅಲ್ಲ. ವಿಂಡೋಸ್, ಅದರ ಸೆಟ್ಟಿಂಗ್, ಹಾಕಿಕೊಂಡ ಸಾಫ್ಟ್‌ವೇರ್, ಪ್ರಿಂಟರ್ ಡ್ರೈವರ್, ಫಾಂಟ್, ಡೆಸ್ಕ್‌ಟಾಪ್ ಮೇಲಿನ ಐಕಾನ್ ಇರುವ ಜಾಗ, ಎಲ್ಲವೂ ಅದರಲ್ಲಿರುತ್ತದೆ. ಹೊಸ ಡಿಸ್ಕ್‌ಗೆ ಆ ಅಚ್ಚು ಒತ್ತಿದರೆ ಬ್ಯಾಕಪ್ ತೆಗೆದ ದಿನ ಲ್ಯಾಪ್‌ಟಾಪ್ ಹೇಗಿತ್ತೋ ಹಾಗೇ ಎದ್ದು ಕೂರುತ್ತದೆ.

ಇದು ಯಾರಿಗೆ ಹೆಚ್ಚು ಉಪಯೋಗ?

• ಡಿಟಿಪಿ, ಲಗ್ನಪತ್ರಿಕೆ, ಫ್ಲೆಕ್ಸ್ ಅಂಗಡಿಯವರು: ಹಳೆಯ ನುಡಿ, ಶ್ರೀಲಿಪಿ ಫಾಂಟ್‌ನಲ್ಲಿ ಮಾಡಿದ ಫೈಲ್, ಆ ಫಾಂಟ್ ಇಲ್ಲದ ಸಿಸ್ಟಂನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫೈಲ್ ಉಳಿದರೂ ಕೆಲಸಕ್ಕೆ ಬರಲ್ಲ.
• ಸೈಬರ್, ಸಿಎಸ್‌ಸಿ, ಗ್ರಾಮ ಒನ್ ಕೇಂದ್ರದವರು: ಬೆರಳಚ್ಚು ಯಂತ್ರದ ಆರ್‌ಡಿ ಸರ್ವೀಸ್, ಸ್ಕ್ಯಾನರ್, ಪ್ರಿಂಟರ್ ಎಲ್ಲ ಒಂದಕ್ಕೊಂದು ಹೊಂದಿಸಲು ಪಟ್ಟ ಪಾಡು ಅವರಿಗೇ ಗೊತ್ತು.
• ಫೋಟೊ ಸ್ಟುಡಿಯೊದವರು: ಆಲ್ಬಂ ಡಿಸೈನ್ ಸಾಫ್ಟ್‌ವೇರ್, ಅದರ ಟೆಂಪ್ಲೇಟ್‌ಗಳು.
• ಕಿರಾಣಿ, ಗೊಬ್ಬರ, ಹಾರ್ಡ್‌ವೇರ್, ಬಟ್ಟೆ, ಮೆಡಿಕಲ್ ಅಂಗಡಿಯವರು: ಟ್ಯಾಲಿ ಅಥವಾ ಬೇರೆ ಬಿಲ್ಲಿಂಗ್ ಸಾಫ್ಟ್‌ವೇರ್.

ಒಂದು ಮಾತು ಗಮನಿಸಿ. ಪಹಣಿ ಭೂಮಿ ತಂತ್ರಾಂಶದಲ್ಲಿದೆ, ಹಾಕಿದ ರಿಟರ್ನ್ ಜಿಎಸ್‌ಟಿ ಪೋರ್ಟಲ್‌ನಲ್ಲಿದೆ, ಅರ್ಜಿಗಳು ಸೇವಾಸಿಂಧುವಿನಲ್ಲಿವೆ. ಅವು ಸರ್ಕಾರದ ಸರ್ವರ್‌ನಲ್ಲಿರುವುದರಿಂದ ನಿಮ್ಮ ಲ್ಯಾಪ್‌ಟಾಪ್ ಕೆಟ್ಟರೂ ಹೋಗಲ್ಲ. ಆದರೆ ಆ ರಿಟರ್ನ್‌ಗೆ ಆಧಾರವಾದ ಬಿಲ್, ಖರೀದಿ ಲೆಕ್ಕ, ಸ್ಟಾಕ್, ಯಾರ ಬಾಕಿ ಎಷ್ಟು ಅನ್ನುವುದು ನಿಮ್ಮ ಹತ್ತಿರ ಮಾತ್ರ ಇರುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಹಾಕುವ ಕೊನೇ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ, ಲೆಕ್ಕಪತ್ರ ಇಟ್ಟುಕೊಂಡಿರಬೇಕು. "ಲ್ಯಾಪ್‌ಟಾಪ್ ಕೆಟ್ಟುಹೋಯ್ತು ಸಾರ್" ಅಂದರೆ ಜವಾಬ್ದಾರಿ ಮುಗಿಯಲ್ಲ.

ಪೆನ್‌ಡ್ರೈವ್‌ನಿಂದಲೇ ಯಾಕೆ?

ವಿಂಡೋಸ್ ಒಳಗೇ ಸಿಸ್ಟಂ ಇಮೇಜ್ ತೆಗೆಯುವ ಹಳೆಯ ಸೌಲಭ್ಯವೊಂದು ಕಂಟ್ರೋಲ್ ಪ್ಯಾನಲ್‌ನಲ್ಲಿದೆ. ಆದರೆ ಮೈಕ್ರೋಸಾಫ್ಟ್ 2017ರಲ್ಲೇ ಅದರ ಅಭಿವೃದ್ಧಿ ನಿಲ್ಲಿಸಿ, ಬೇರೆ ದಾರಿ ನೋಡಿಕೊಳ್ಳಿ ಅಂತ ಹೇಳಿಬಿಟ್ಟಿದೆ.

ಪೆನ್‌ಡ್ರೈವ್ ವಿಧಾನದಲ್ಲಿ ಲ್ಯಾಪ್‌ಟಾಪ್ ಆನ್ ಆಗುವಾಗ ವಿಂಡೋಸ್ ಶುರುವಾಗುವುದೇ ಇಲ್ಲ. ಪೆನ್‌ಡ್ರೈವ್‌ನಲ್ಲಿರುವ ಚಿಕ್ಕ ಲಿನಕ್ಸ್ ಶುರುವಾಗಿ, ಒಳಗಿನ ಡಿಸ್ಕ್ ಅನ್ನು ಹೊರಗಿನಿಂದ ನೋಡುತ್ತದೆ. ಇದರಿಂದ ಎರಡು ಲಾಭ. ಒಂದು, ವಿಂಡೋಸ್ ಓಡದೇ ಇರುವುದರಿಂದ ಯಾವ ಫೈಲೂ ಅರ್ಧ ತೆರೆದ ಸ್ಥಿತಿಯಲ್ಲಿ ಇರಲ್ಲ. ಇನ್ನೊಂದು, ನಾಳೆ ವಿಂಡೋಸ್ ಪೂರ್ತಿ ಸತ್ತರೂ ಅದೇ ಪೆನ್‌ಡ್ರೈವ್ ಕೆಲಸ ಮಾಡುತ್ತದೆ. ಬ್ಯಾಕಪ್ ತೆಗೆಯುವುದೂ ಅದರಿಂದಲೇ, ವಾಪಸ್ ಹಾಕುವುದೂ ಅದರಿಂದಲೇ.

ಈ ಕೆಲಸಕ್ಕೆ ಎರಡು ಉಚಿತ ಸಾಫ್ಟ್‌ವೇರ್ ಹೆಸರಾಗಿವೆ. ಕ್ಲೋನ್‌ಜಿಲ್ಲಾ ತೈವಾನ್‌ನಲ್ಲಿ ತಯಾರಾದದ್ದು, ಪ್ರಪಂಚದೆಲ್ಲೆಡೆ ಬಳಸುತ್ತಾರೆ. ಆದರೆ ಪರದೆ ತುಂಬ ಅಕ್ಷರವೇ ಇರುವುದರಿಂದ ಹೊಸಬರಿಗೆ ಗಾಬರಿ. ರೆಸ್ಕ್ಯೂಜಿಲ್ಲಾ ಅದೇ ಕೆಲಸವನ್ನು ದೊಡ್ಡ ಬಟನ್‌ಗಳು, ಮೌಸ್ ಇಟ್ಟುಕೊಂಡು ಮಾಡುತ್ತದೆ. ಒಂದರಲ್ಲಿ ತೆಗೆದ ಇಮೇಜ್ ಇನ್ನೊಂದರಲ್ಲೂ ನಡೆಯುತ್ತದೆ. ಅಂಗಡಿಯವರಿಗೆ ರೆಸ್ಕ್ಯೂಜಿಲ್ಲಾ ಸುಲಭ, ಇಲ್ಲಿ ಅದನ್ನೇ ವಿವರಿಸಿದ್ದೇವೆ. (ಹೆಸರಿನಲ್ಲಿ 'ಜಿಲ್ಲಾ' ಇದೆ ಅಂತ ಜಿಲ್ಲಾಡಳಿತದ್ದು ಅಂದುಕೊಳ್ಳಬೇಡಿ!)

ಏನೇನು ಬೇಕು?

• 8 ಜಿಬಿ ಪೆನ್‌ಡ್ರೈವ್ ಒಂದು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದೇ ತಗೊಳ್ಳಿ.
• ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಒಂದು. 1 ಟಿಬಿ ಇದ್ದರೆ ಧಾರಾಳ. ಇಮೇಜ್ ಹೋಗಿ ಕೂರುವುದು ಇದರಲ್ಲಿ.
• ಫುಲ್ ಚಾರ್ಜ್ ಆದ ಲ್ಯಾಪ್‌ಟಾಪ್, ಜೊತೆಗೆ ಚಾರ್ಜರ್. ಬ್ಯಾಟರಿ ನಿಲ್ಲದ ಹಳೆಯ ಲ್ಯಾಪ್‌ಟಾಪ್ ಆದರೆ ಯುಪಿಎಸ್‌ಗೆ ಹಾಕಿ. ಸೆಸ್ಕ್‌ನವರು ವಿದ್ಯುತ್ ವ್ಯತ್ಯಯದ ಪ್ರಕಟಣೆ ಕೊಟ್ಟಿರುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಜಾಗ ಎಷ್ಟು ಬೇಕು? ರೆಸ್ಕ್ಯೂಜಿಲ್ಲಾ ಡಿಸ್ಕ್‌ನ ಖಾಲಿ ಜಾಗವನ್ನು ಬಿಟ್ಟು, ತುಂಬಿರುವ ಭಾಗವನ್ನು ಮಾತ್ರ ತೆಗೆದು, ಒತ್ತಿ ಚಿಕ್ಕದು ಮಾಡಿ ಇಡುತ್ತದೆ. 512 ಜಿಬಿ ಡಿಸ್ಕ್‌ನಲ್ಲಿ 100 ಜಿಬಿ ಮಾತ್ರ ತುಂಬಿದ್ದರೆ ಇಮೇಜ್ ಸಾಮಾನ್ಯವಾಗಿ 100 ಜಿಬಿಗಿಂತ ಕಡಿಮೆಯೇ ಬರುತ್ತದೆ. ಫೋಟೊ, ವಿಡಿಯೊ ಜಾಸ್ತಿ ಇದ್ದರೆ ಹೆಚ್ಚು ಕುಗ್ಗಲ್ಲ.

ಮೊದಲು ಇದನ್ನು ಮಾಡಿ: 48 ಅಂಕಿಯ ಕೀ ಬರೆದಿಟ್ಟುಕೊಳ್ಳಿ

ಇದು ಇಡೀ ಲೇಖನದ ಮುಖ್ಯ ಭಾಗ, ದಯವಿಟ್ಟು ಬಿಟ್ಟು ಓದಬೇಡಿ.

ಈಚೆಗೆ ತಗೊಂಡ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆದ ಕೂಡಲೇ, ಮಾಲೀಕರಿಗೆ ಗೊತ್ತಿಲ್ಲದೆಯೇ, ಇದು ಆನ್ ಆಗಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಅಂತ ಹೆಸರು. ಕಳ್ಳ ಲ್ಯಾಪ್‌ಟಾಪ್ ಕದ್ದರೂ ಡೇಟಾ ಓದಲಾಗದಂತೆ ಮಾಡುವ ಒಳ್ಳೆ ವ್ಯವಸ್ಥೆ ಇದು. ಆದರೆ ಬಯೋಸ್ ಸೆಟ್ಟಿಂಗ್ ಬದಲಿಸಿದಾಗ, ಕೆಲವು ಸಲ ಬೇರೆ ಡ್ರೈವ್‌ನಿಂದ ಬೂಟ್ ಮಾಡಿದಾಗಲೂ, ವಿಂಡೋಸ್‌ಗೆ ಅನುಮಾನ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಹತ್ತಿರ ಇಲ್ಲದಿದ್ದರೆ ನಿಮ್ಮದೇ ಲ್ಯಾಪ್‌ಟಾಪ್ ನಿಮಗೇ ತೆರೆಯಲ್ಲ.

ಆದ್ದರಿಂದ ಹೀಗೆ ಮಾಡಿ:

1. ಸೆಟ್ಟಿಂಗ್ಸ್ ತೆರೆದು, ಪ್ರೈವಸಿ ಆಂಡ್ ಸೆಕ್ಯುರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ವಿಂಡೋಸ್ ಪ್ರೊ ಇದ್ದವರು ಸ್ಟಾರ್ಟ್ ಮೆನುವಿನಲ್ಲಿ ಬಿಟ್‌ಲಾಕರ್ ಅಂತ ಹುಡುಕಿ ನೋಡಿ.
2. ಆನ್ ಇದ್ದರೆ, ಮೊಬೈಲ್‌ನಲ್ಲಿ ಅದೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ರಿಕವರಿ ಕೀ ನೋಡಿ, ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನ ಒಳಗೆ ಮಾತ್ರ ಸೇವ್ ಮಾಡಿಟ್ಟರೆ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದಂತೆ.
3. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವರೋ ಪರಿಚಯದ ಹುಡುಗನೋ ಅವರ ಇಮೇಲ್ ಹಾಕಿ ಸೆಟಪ್ ಮಾಡಿದ್ದರೆ ಕೀ ಅವರ ಅಕೌಂಟ್‌ನಲ್ಲಿರುತ್ತದೆ. ಇವತ್ತೇ ಕೇಳಿ ಪಡೆಯಿರಿ.

ಬೀಗ ಆನ್ ಇರುವಾಗಲೇ ಇಮೇಜ್ ತೆಗೆಯಬಹುದಾ? ತೆಗೆಯಬಹುದು. ಆದರೆ ಹೊರಗಿನ ಸಾಫ್ಟ್‌ವೇರ್‌ಗೆ ಒಳಗೆ ಯಾವುದು ತುಂಬಿದೆ, ಯಾವುದು ಖಾಲಿ ಅಂತ ಗೊತ್ತಾಗಲ್ಲ. ಹಾಗಾಗಿ 512 ಜಿಬಿ ಇದ್ದರೆ 512 ಜಿಬಿಯನ್ನೂ ಕಾಪಿ ಮಾಡುತ್ತದೆ, ಸಮಯವೂ ಜಾಸ್ತಿ ಹಿಡಿಯುತ್ತದೆ. ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಇಮೇಜ್ ತೆಗೆದು, ಮತ್ತೆ ಆನ್ ಮಾಡುವುದು ಇನ್ನೊಂದು ದಾರಿ. ಹಾಗೆ ಮಾಡಿದರೆ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವ ಇಮೇಜ್‌ಗೆ ಬೀಗ ಇರಲ್ಲ, ಅದನ್ನು ಜೋಪಾನ ಮಾಡುವುದು ನಿಮ್ಮ ಹೊಣೆ.

ಬೂಟಬಲ್ ಪೆನ್‌ಡ್ರೈವ್ ತಯಾರಿ

1. ರೆಸ್ಕ್ಯೂಜಿಲ್ಲಾದ ಅಧಿಕೃತ ವೆಬ್‌ಸೈಟ್ ರೆಸ್ಕ್ಯೂಜಿಲ್ಲಾ ಡಾಟ್ ಕಾಮ್. ಅಲ್ಲಿಂದಲೇ ಐಎಸ್‌ಒ ಫೈಲ್ ಡೌನ್‌ಲೋಡ್ ಮಾಡಿ. ಫೈಲ್ 1 ಜಿಬಿ ದಾಟುವುದರಿಂದ ಮೊಬೈಲ್ ಡೇಟಾ ನೋಡಿಕೊಳ್ಳಿ. ಟೆಲಿಗ್ರಾಂ ಗ್ರೂಪಿನಲ್ಲಿ, ಯೂಟ್ಯೂಬ್ ವಿಡಿಯೊ ಕೆಳಗೆ ಸಿಗುವ ಲಿಂಕ್ ಮುಟ್ಟಬೇಡಿ.
2. ಬಲೀನಾ ಎಚ್ಚರ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಐಎಸ್‌ಒ ಫೈಲ್ ಅನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗಲ್ಲ, ಅದನ್ನು ಬರೆಯಲು ಇಂಥದ್ದೊಂದು ಸಾಫ್ಟ್‌ವೇರ್ ಬೇಕು. ಈಗಾಗಲೇ ರೂಫಸ್ ಬಳಸಿ ಗೊತ್ತಿರುವವರು ಅದನ್ನೇ ಬಳಸಬಹುದು.
3. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಾಕಿದ್ದರೆ ಈಗ ತೆಗೆಯಿರಿ. ಪೆನ್‌ಡ್ರೈವ್ ಒಂದನ್ನೇ ಹಾಕಿ.
4. ಎಚ್ಚರ್ ತೆರೆದು ಫೈಲ್ ಆರಿಸಿ, ಪೆನ್‌ಡ್ರೈವ್ ಆರಿಸಿ, ಫ್ಲ್ಯಾಶ್ ಬಟನ್ ಒತ್ತಿ. ಕೆಲವೇ ನಿಮಿಷದ ಕೆಲಸ.
5. ಮುಗಿದ ಮೇಲೆ ವಿಂಡೋಸ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಬಹುದು. ಕ್ಯಾನ್ಸಲ್ ಕೊಡಿ. ಪೆನ್‌ಡ್ರೈವ್ ಕೆಟ್ಟಿಲ್ಲ, ಅದರೊಳಗಿನ ಲಿನಕ್ಸ್ ಭಾಗ ವಿಂಡೋಸ್‌ಗೆ ಅರ್ಥವಾಗಿಲ್ಲ, ಅಷ್ಟೇ.

ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಆನ್ ಮಾಡುವುದು

ಮೊದಲು ಲ್ಯಾಪ್‌ಟಾಪ್ ಅನ್ನು ಪೂರ್ತಿ ಆಫ್ ಮಾಡಬೇಕು. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ನಿಜವಾಗಿ ಮಲಗಲ್ಲ, ಅರ್ಧ ಕಣ್ಣು ತೆರೆದೇ ಇರುತ್ತದೆ. ಆಗ ಹೊರಗಿನ ಸಾಫ್ಟ್‌ವೇರ್ ಡಿಸ್ಕ್ ಓದಲು ತಕರಾರು ಮಾಡಬಹುದು. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್‌ಡೌನ್ ಕೊಟ್ಟರೆ ಪೂರ್ತಿ ಆಫ್ ಆಗುತ್ತದೆ.

ಈಗ ಪೆನ್‌ಡ್ರೈವ್ ಹಾಕಿ, ಪವರ್ ಬಟನ್ ಒತ್ತಿದ ಕೂಡಲೇ ಬೂಟ್ ಮೆನುವಿನ ಕೀಯನ್ನು ಟಕಟಕ ಒತ್ತುತ್ತಾ ಇರಿ. ಸಾಮಾನ್ಯವಾಗಿ:

• ಎಚ್‌ಪಿ: ಮೊದಲು ಎಸ್ಕೇಪ್, ಆಮೇಲೆ ಎಫ್9
• ಡೆಲ್: ಎಫ್12
• ಲೆನೊವೊ: ಎಫ್12 (ಕೆಲವು ಮಾಡೆಲ್‌ಗೆ ಪಕ್ಕದಲ್ಲಿ ಚಿಕ್ಕ ರಂಧ್ರದ ನೊವೊ ಬಟನ್ ಇರುತ್ತದೆ, ಪಿನ್‌ನಿಂದ ಒತ್ತಬೇಕು)
• ಏಸರ್: ಎಫ್12 (ಕೆಲವದರಲ್ಲಿ ಎಫ್2 ಒತ್ತಿ ಬಯೋಸ್‌ಗೆ ಹೋಗಿ ಎಫ್12 ಬೂಟ್ ಮೆನು ಆನ್ ಮಾಡಬೇಕು)
• ಏಸಸ್: ಎಸ್ಕೇಪ್

ಕೀ ಒತ್ತುವುದು ತಪ್ಪಿಹೋಗುತ್ತಿದ್ದರೆ ಸುಲಭದ ದಾರಿ ಇದೆ. ವಿಂಡೋಸ್ ಒಳಗೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ. ನೀಲಿ ಪರದೆಯಲ್ಲಿ ಯೂಸ್ ಎ ಡಿವೈಸ್ ಅಂತ ಬರುತ್ತದೆ, ಅಲ್ಲಿ ಪೆನ್‌ಡ್ರೈವ್ ಆರಿಸಿ.

ಸೆಕ್ಯೂರ್ ಬೂಟ್ ಆನ್ ಇದ್ದರೂ ರೆಸ್ಕ್ಯೂಜಿಲ್ಲಾ ಸಾಮಾನ್ಯವಾಗಿ ಶುರುವಾಗುತ್ತದೆ. ಒಪ್ಪದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಕೆಲಸ ಮುಗಿದ ಮೇಲೆ ಆನ್ ಮಾಡಿ. ಮೇಲೆ ಹೇಳಿದ 48 ಅಂಕಿಯ ಕೀ ಕೈಯಲ್ಲಿ ಇಲ್ಲದೆ ಇದನ್ನು ಮುಟ್ಟಲೇಬೇಡಿ.

ಇಮೇಜ್ ತೆಗೆಯುವ ಹಂತಗಳು

ಪರದೆ ಬಂದ ಮೇಲೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಾಕಿ. ಯುಎಸ್‌ಬಿ 3 ಪೋರ್ಟ್ ಇದ್ದರೆ ಅದಕ್ಕೇ ಹಾಕಿ, ಹಲವು ಲ್ಯಾಪ್‌ಟಾಪ್‌ನಲ್ಲಿ ಒಳಗೆ ನೀಲಿ ಬಣ್ಣ ಇರುತ್ತದೆ.

1. ಬ್ಯಾಕಪ್ ಅನ್ನುವ ದೊಡ್ಡ ಬಟನ್ ಒತ್ತಿ.
2. ಯಾವ ಡಿಸ್ಕ್‌ನ ಬ್ಯಾಕಪ್ ಅಂತ ಕೇಳುತ್ತದೆ. ಲ್ಯಾಪ್‌ಟಾಪ್ ಒಳಗಿನ ಡಿಸ್ಕ್ ಆರಿಸಿ. ಇಲ್ಲಿ ಸಿ ಡ್ರೈವ್, ಡಿ ಡ್ರೈವ್ ಅಂತ ಹೆಸರು ಇರಲ್ಲ. ಕಂಪನಿ ಹೆಸರು ಮತ್ತು ಗಾತ್ರ ನೋಡಿ ಗುರುತಿಸಬೇಕು. 256 ಅಂತ ಕೊಂಡದ್ದು 238, 512ರದ್ದು 476, 1 ಟಿಬಿಯದ್ದು 931 ಅಂತ ಕಂಡರೂ ಮೋಸ ಅಲ್ಲ, ಲೆಕ್ಕ ಹಾಕುವ ರೀತಿ ಬೇರೆ ಅಷ್ಟೇ.
3. ಆ ಡಿಸ್ಕ್‌ನ ಭಾಗಗಳ ಪಟ್ಟಿ ಬರುತ್ತದೆ. ಎಲ್ಲದಕ್ಕೂ ಟಿಕ್ ಇರಲಿ. 100 ಎಂಬಿಯ ಚಿಕ್ಕ ಭಾಗ ಯಾಕೆ ಅಂತ ತೆಗೆಯಬೇಡಿ, ವಿಂಡೋಸ್ ಶುರುವಾಗಲು ಬೇಕಾದದ್ದು ಅದರಲ್ಲೇ ಇರುತ್ತದೆ.
4. ಎಲ್ಲಿ ಉಳಿಸಬೇಕು ಅಂತ ಕೇಳಿದಾಗ ಎಕ್ಸ್‌ಟರ್ನಲ್ ಡಿಸ್ಕ್ ಆರಿಸಿ, ಅದರಲ್ಲಿ ಒಂದು ಫೋಲ್ಡರ್ ತೋರಿಸಿ.
5. ಹೆಸರು ಕೇಳುತ್ತದೆ. ತಾರೀಖು ಮತ್ತು ಲ್ಯಾಪ್‌ಟಾಪ್ ಯಾವುದು ಅನ್ನುವುದು ಹೆಸರಿನಲ್ಲೇ ಇರಲಿ. ಎರಡು ವರ್ಷದ ಮೇಲೆ ನೋಡಿದಾಗ ನಿಮಗೇ ಗೊತ್ತಾಗಬೇಕು.
6. ಒತ್ತಿ ಚಿಕ್ಕದು ಮಾಡುವ ವಿಧಾನ ಕೇಳಿದರೆ ಇದ್ದದ್ದನ್ನೇ ಬಿಡಿ, ನೆಕ್ಸ್ಟ್ ಕೊಡಿ.
7. ಕೊನೆಯಲ್ಲಿ ಎಲ್ಲ ವಿವರ ಒಟ್ಟಿಗೆ ತೋರಿಸುತ್ತದೆ. ಎಲ್ಲಿಂದ, ಎಲ್ಲಿಗೆ ಅಂತ ಇನ್ನೊಂದು ಸಲ ಓದಿ, ಶುರು ಮಾಡಿ.

ಎಷ್ಟು ಹೊತ್ತು? ಡಿಸ್ಕ್‌ನಲ್ಲಿ ತುಂಬಿರುವ ಡೇಟಾ, ಪೋರ್ಟ್, ಲ್ಯಾಪ್‌ಟಾಪ್ ವಯಸ್ಸು ನೋಡಿಕೊಂಡು ಬದಲಾಗುತ್ತದೆ. 100 ಜಿಬಿಗೆ ಯುಎಸ್‌ಬಿ 3ರಲ್ಲಿ ಅರ್ಧ ಗಂಟೆಯ ಆಸುಪಾಸು, ಹಳೆಯ ಯುಎಸ್‌ಬಿ 2ರಲ್ಲಿ ಒಂದು ಗಂಟೆಗೆ ಕಡಿಮೆ ಇಲ್ಲ ಅಂತ ಇಟ್ಟುಕೊಳ್ಳಿ. ತಂತಿ ಅಲುಗಾಡದ ಜಾಗದಲ್ಲಿಡಿ. ಮಧ್ಯದಲ್ಲಿ ಮಕ್ಕಳ ಕೈಗೆ ಸಿಗದಿರಲಿ.

ಒಳಗಿನ ಡಿಸ್ಕ್ ಪಟ್ಟಿಯಲ್ಲಿ ಕಾಣಿಸುತ್ತಲೇ ಇಲ್ಲ ಅಂದರೆ? ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್‌ನ ಸ್ಟೋರೇಜ್ ಸೆಟ್ಟಿಂಗ್‌ನಿಂದ ಹೀಗಾಗುತ್ತದೆ. ಆ ಸೆಟ್ಟಿಂಗ್ ಬದಲಿಸಿದರೆ ವಿಂಡೋಸ್ ಶುರುವಾಗದೇ ಹೋಗಬಹುದು. ಇಲ್ಲಿಗೆ ನಿಲ್ಲಿಸಿ, ಗೊತ್ತಿರುವವರನ್ನು ಕೇಳಿ.

ತೆಗೆದದ್ದು ಸರಿ ಇದೆಯಾ ನೋಡಿ

ಪರೀಕ್ಷೆ ಮಾಡದ ಬ್ಯಾಕಪ್ ಇದ್ದೂ ಇಲ್ಲದಂತೆ. ಅದೇ ಮೊದಲ ಪರದೆಯಲ್ಲಿ ವೆರಿಫೈ ಇಮೇಜ್ ಅಂತ ಬಟನ್ ಇದೆ. ಅದನ್ನು ಒತ್ತಿ, ಈಗ ತೆಗೆದ ಇಮೇಜ್ ತೋರಿಸಿದರೆ ಅದು ಪೂರ್ತಿ ಓದಲು ಆಗುತ್ತದಾ ಅಂತ ಪರೀಕ್ಷಿಸಿ ಹೇಳುತ್ತದೆ. ಇನ್ನೊಂದಷ್ಟು ಹೊತ್ತು ಹಿಡಿಯುತ್ತದೆ, ಆದರೂ ಬಿಡಬೇಡಿ. ಎಕ್ಸ್‌ಟರ್ನಲ್ ಡಿಸ್ಕೇ ಹಾಳಾಗಿದ್ದರೆ ಅದು ಗೊತ್ತಾಗುವುದು ಇವತ್ತು ಆಗಲಿ, 19ನೇ ತಾರೀಖಿನ ದಿನ ಬೇಡ.

ಇಡೀ ಸಿಸ್ಟಂ ಬೇಡ, ಅದರೊಳಗಿನ ಒಂದೇ ಫೈಲ್ ಬೇಕು ಅಂದರೆ ಇಮೇಜ್ ಎಕ್ಸ್‌ಪ್ಲೋರರ್ ಅನ್ನುವ ಬಟನ್ ಇದೆ. ಸ್ವಲ್ಪ ನಿಧಾನ, ಆದರೆ ಕೆಲಸ ಆಗುತ್ತದೆ.

ವಾಪಸ್ ಹಾಕುವಾಗ ಎಚ್ಚರ

ಡಿಸ್ಕ್ ಹೋದ ದಿನ ಹೊಸ ಡಿಸ್ಕ್ ಹಾಕಿಸಿ, ಅದೇ ಪೆನ್‌ಡ್ರೈವ್‌ನಿಂದ ಆನ್ ಮಾಡಿ, ರಿಸ್ಟೋರ್ ಒತ್ತಿ, ಇಮೇಜ್ ಮತ್ತು ಹೊಸ ಡಿಸ್ಕ್ ತೋರಿಸಬೇಕು. ನಾಲ್ಕು ವಿಷಯ ನೆನಪಿರಲಿ:

• ರಿಸ್ಟೋರ್ ಮಾಡಿದ ಡಿಸ್ಕ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಡಿಸ್ಕ್ ಆರಿಸುವಾಗ ಎರಡು ಸಲ ನೋಡಿ. ತಪ್ಪಿ ಬೇರೆ ಡಿಸ್ಕ್ ಆರಿಸಿದರೆ ಇರುವುದೂ ಹೋಗುತ್ತದೆ.
• ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 512ರ ಇಮೇಜ್ ಅನ್ನು 256ಕ್ಕೆ ಹಾಕಲು ಹೋಗಬೇಡಿ.
• ಸಿಸ್ಟಂ ಬ್ಯಾಕಪ್ ತೆಗೆದ ದಿನಕ್ಕೆ ವಾಪಸ್ ಹೋಗುತ್ತದೆ. ಜನವರಿಯ ಇಮೇಜ್ ಹಾಕಿದರೆ ಫೆಬ್ರವರಿಯ ಬಿಲ್ ಇರಲ್ಲ. ಡಿಸ್ಕ್ ಚೆನ್ನಾಗಿದ್ದು ವಿಂಡೋಸ್ ಮಾತ್ರ ಕೆಟ್ಟಿದ್ದರೆ, ರಿಸ್ಟೋರ್‌ಗೆ ಮುಂಚೆ ಹೊಸ ಫೈಲ್‌ಗಳನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಿ.
• ಬೇರೆ ಮಾಡೆಲ್ ಲ್ಯಾಪ್‌ಟಾಪ್‌ಗೆ ಈ ಇಮೇಜ್ ಹಾಕಿದರೆ ಕೆಲಸ ಮಾಡಬಹುದು, ಮಾಡದೆಯೂ ಇರಬಹುದು. ಡ್ರೈವರ್, ವಿಂಡೋಸ್ ಆಕ್ಟಿವೇಷನ್ ತಕರಾರು ಬರುತ್ತದೆ. ಅದೇ ಲ್ಯಾಪ್‌ಟಾಪ್‌ಗೆ ಹೊಸ ಡಿಸ್ಕ್ ಹಾಕುವುದಕ್ಕೆ ಇದು ಹೇಳಿಮಾಡಿಸಿದ್ದು.

ಇಮೇಜ್‌ನಲ್ಲಿ ಬಾರದ ವಸ್ತುಗಳೂ ಇವೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಸಾಫ್ಟ್‌ವೇರ್‌ನ ಡಾಂಗಲ್ ಇವುಗಳ ಕಾಪಿ ಆಗಲ್ಲ, ಬೇರೆಯಾಗಿ ಜೋಪಾನ ಮಾಡಿ. ಟ್ಯಾಲಿ ಲೈಸೆನ್ಸ್ ಕಂಪ್ಯೂಟರ್‌ಗೆ ಕಟ್ಟಿಹಾಕಿದ್ದಾಗಿರುವುದರಿಂದ ಡಿಸ್ಕ್ ಬದಲಾದ ಮೇಲೆ ಮತ್ತೆ ಆಕ್ಟಿವೇಟ್ ಮಾಡಿ ಅಂತ ಕೇಳಬಹುದು. ಸೀರಿಯಲ್ ನಂಬರ್, ಅದಕ್ಕೆ ಕೊಟ್ಟ ಇಮೇಲ್ ವಿಳಾಸ ಬರೆದಿಟ್ಟುಕೊಂಡಿರಿ.

ಇಮೇಜ್ ಜೊತೆಗೆ ದಿನದ ಲೆಕ್ಕವೂ ಬೇಕು

ಇಮೇಜ್ ದಿನಾ ತೆಗೆಯುವ ವಸ್ತು ಅಲ್ಲ. ಮೂರು ತಿಂಗಳಿಗೊಮ್ಮೆ ಸಾಕು. ಇದರ ಜೊತೆಗೆ ದೊಡ್ಡ ಬದಲಾವಣೆಗೆ ಮುಂಚೆ ತಪ್ಪದೆ ತೆಗೆಯಿರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿಸಬೇಕು ಅಂತಿರುವವರು ಮೊದಲು ಇಮೇಜ್ ತೆಗೆದಿಟ್ಟುಕೊಂಡರೆ, ಹೊಸದರಲ್ಲಿ ಪ್ರಿಂಟರ್ ನಡೆಯಲಿಲ್ಲ, ಬಿಲ್ಲಿಂಗ್ ನಿಂತಿತು ಅನ್ನುವಾಗ ಹಿಂದಕ್ಕೆ ಬರಬಹುದು.

ದಿನದ ಲೆಕ್ಕಕ್ಕೆ ಬೇರೆ ಅಭ್ಯಾಸ ಬೇಕು. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಟ್ಯಾಲಿಯ ಬ್ಯಾಕಪ್ ಆಯ್ಕೆಯಿಂದ ಡೇಟಾವನ್ನು ಇನ್ನೊಂದು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಕೆಲವೇ ನಿಮಿಷದ ಕೆಲಸ. ಮೂರು ತಿಂಗಳ ಹಿಂದಿನ ಇಮೇಜ್ ಮತ್ತು ನಿನ್ನೆ ರಾತ್ರಿಯ ಡೇಟಾ ಎರಡೂ ಇದ್ದರೆ ಅಂಗಡಿ ಮತ್ತೆ ನಡೆಯುತ್ತದೆ. ಎರಡರಲ್ಲಿ ಒಂದೇ ಇದ್ದರೆ ಅರ್ಧ ಕೆಲಸ.

ಡಿಸ್ಕ್ ಎಲ್ಲಿಡಬೇಕು?

ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳುವವರಿದ್ದಾರೆ. ಬ್ಯಾಗ್ ಹೋದರೆ ಎರಡೂ ಹೋಯ್ತು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ಬೆಂಕಿ, ಕಳ್ಳತನ, ಮಳೆ ನೀರು ಎರಡಕ್ಕೂ ಒಟ್ಟಿಗೇ ತಗಲುತ್ತದೆ. ಕೆಲಸ ಮುಗಿದ ಕೂಡಲೇ ಡಿಸ್ಕ್ ಕಳಚಿ, ಮನೆಗೆ ಒಯ್ದು, ಬೀರುವಿನಲ್ಲಿಡಿ.

ಕಳಚಿಡಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಪ್ರಪಂಚದಾದ್ಯಂತ ಲಕ್ಷಾಂತರ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲೂ ಕೆಲಸ ನಿಂತಿತ್ತು. ಇಂಥ ವೈರಸ್ ಬಂದಾಗ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕ್‌ಗೂ ಬೀಗ ಬೀಳುತ್ತದೆ. ಬೀರುವಿನಲ್ಲಿರುವ ಡಿಸ್ಕ್‌ಗೆ ಬೀಳಲ್ಲ.

ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಅನ್ನುವ ಸೂತ್ರವಿದೆ. ಡೇಟಾದ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ನಮ್ಮ ಅಂಗಡಿಗೆ ಹೇಳುವುದಾದರೆ: ಒಂದು ಲ್ಯಾಪ್‌ಟಾಪ್‌ನಲ್ಲಿ, ಒಂದು ಅಂಗಡಿಯ ಪೆನ್‌ಡ್ರೈವ್‌ನಲ್ಲಿ, ಒಂದು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ.

ಇನ್ನೊಂದು ಎಚ್ಚರ: ಇಮೇಜ್‌ಗೆ ವಿಂಡೋಸ್ ಪಾಸ್‌ವರ್ಡ್ ಅಡ್ಡ ಬರಲ್ಲ. ಬೀಗ ಇಲ್ಲದ ಇಮೇಜ್ ಇರುವ ಡಿಸ್ಕ್ ಯಾರ ಕೈಗೆ ಸಿಕ್ಕರೂ ಅದರಲ್ಲಿನ ಗ್ರಾಹಕರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್, ಫೋಟೊ ಎಲ್ಲ ತೆರೆದುಕೊಳ್ಳುತ್ತದೆ. ಸೈಬರ್ ಮತ್ತು ಸೇವಾ ಕೇಂದ್ರದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೆಲಸ ಮುಗಿದ ಗ್ರಾಹಕರ ದಾಖಲೆಯನ್ನು ಇಮೇಜ್ ತೆಗೆಯುವ ಮುಂಚೆಯೇ ಅಳಿಸುವುದು ಒಳ್ಳೆಯದು. ಇಮೇಜ್ ಗಾತ್ರವೂ ಕಡಿಮೆ ಆಗುತ್ತದೆ.

ಈಗಾಗಲೇ ವಿಂಡೋಸ್ ಕೆಟ್ಟಿದ್ದರೆ?

"ಇದನ್ನೆಲ್ಲ ಮೊದಲೇ ಮಾಡಬೇಕಿತ್ತು, ನನ್ನದು ಈಗಲೇ ಆನ್ ಆಗ್ತಿಲ್ಲ" ಅನ್ನುವವರಿಗೂ ಈ ಪೆನ್‌ಡ್ರೈವ್ ಉಪಯೋಗಕ್ಕೆ ಬರುತ್ತದೆ. ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಪೆನ್‌ಡ್ರೈವ್ ತಯಾರಿಸಿ, ನಿಮ್ಮದನ್ನು ಅದರಿಂದ ಆನ್ ಮಾಡಿ. ಡಿಸ್ಕ್ ಬದುಕಿದ್ದು ವಿಂಡೋಸ್ ಮಾತ್ರ ಸತ್ತಿದ್ದರೆ, ರೆಸ್ಕ್ಯೂಜಿಲ್ಲಾದ ಡೆಸ್ಕ್‌ಟಾಪ್‌ನಲ್ಲಿರುವ ಫೈಲ್ ಮ್ಯಾನೇಜರ್‌ನಿಂದ ನಿಮ್ಮ ಫೋಲ್ಡರ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಬಹುದು. ಟ್ಯಾಲಿ ಪ್ರೈಮ್ ಡೇಟಾ ಸಾಮಾನ್ಯವಾಗಿ ಯೂಸರ್ಸ್ ಒಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿ ಪ್ರೈಮ್, ಅದರೊಳಗೆ ಡೇಟಾ ಅನ್ನುವ ಫೋಲ್ಡರ್‌ನಲ್ಲಿರುತ್ತದೆ. ರಿಪೇರಿಯವರು ವಿಂಡೋಸ್ ಹಾಕುವ ಮುಂಚೆ ಇಷ್ಟು ಮಾಡಿಕೊಂಡರೆ ಲೆಕ್ಕ ಉಳಿಯುತ್ತದೆ.

ಆದರೆ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ, ಅಥವಾ ಕಾಪಿ ಮಧ್ಯದಲ್ಲಿ ಪದೇ ಪದೇ ನಿಲ್ಲುತ್ತಿದ್ದರೆ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಹಾಳಾಗುತ್ತದೆ. ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಕೊಡಿ.

ಯಾರಿಂದ ಮಾಡಿಸಬೇಕು?

ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಲೇಖನ ನೋಡಿಕೊಂಡೇ ಮಾಡಬಹುದು. ಭಯ ಇದ್ದರೆ ನೀವು ಕಾಯಂ ಹೋಗುವ ಕಂಪ್ಯೂಟರ್ ರಿಪೇರಿಯವರಿಗೆ ಹೇಳಿ: "ವಿಂಡೋಸ್ ಹಾಕೋದು ಬೇಡ, ಇರೋದರ ಸಿಸ್ಟಂ ಇಮೇಜ್ ತೆಗೆದು, ವೆರಿಫೈ ಮಾಡಿ, ನನ್ನ ಹಾರ್ಡ್‌ಡಿಸ್ಕ್‌ಗೆ ಹಾಕಿಕೊಡಿ." ಪ್ರತಿಯನ್ನು ಅವರ ಹತ್ತಿರ ಬಿಡಬೇಡಿ, ಪೆನ್‌ಡ್ರೈವ್ ಮತ್ತು ಡಿಸ್ಕ್ ಎರಡನ್ನೂ ವಾಪಸ್ ತನ್ನಿ. ಹೊಸ ಲ್ಯಾಪ್‌ಟಾಪ್ ತಗೊಂಡು, ಬೇಕಾದ ಸಾಫ್ಟ್‌ವೇರ್ ಎಲ್ಲ ಹಾಕಿಸಿ ಮುಗಿದ ದಿನ ಮೊದಲ ಇಮೇಜ್ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು.

ಪೆನ್‌ಡ್ರೈವ್‌ಗೆ ಒಂದು ದಾರ ಕಟ್ಟಿ, "ಅಳಿಸಬೇಡಿ" ಅಂತ ಚೀಟಿ ಅಂಟಿಸಿ, ಹಾರ್ಡ್‌ಡಿಸ್ಕ್ ಜೊತೆಯಲ್ಲೇ ಬೀರುವಿನಲ್ಲಿಡಿ. ಸಿನಿಮಾ ಹಾಕಿಕೊಳ್ಳೋಕೆ ಅಂತ ಮನೆಯವರು ಅದನ್ನು ಫಾರ್ಮ್ಯಾಟ್ ಮಾಡಿಬಿಟ್ಟರೆ ಬೇಕಾದ ದಿನ ಕೈಯಲ್ಲಿರಲ್ಲ.